ಅಂಕಿ ಬರಲಿಲ್ಲ

ಪೀಣ್ಯ ಎರಡನೇ ಹಂತ, ಮುಚ್ಚಿದ ಲೇತ್ ಶೆಡ್ಡು.
ಭಾನುವಾರ, ಬೆಳಗಿನ ಏಳು.
ಮಷಿನ್ನುಗಳು ಹೋಗಿ ಆರು ವರ್ಷವಾದರೂ
ನೆಲ ಇನ್ನೂ ಕಟಿಂಗ್ ಆಯಿಲ್ ಬೆವರುತ್ತದೆ.
ಬಾಗಿಲಲ್ಲಿ ಸ್ಟೂಲು ಹಾಕಿ ಕೂತವಳು ನಾನು,
ಕೊರಳಲ್ಲಿ ಸೀಟಿ, ತೊಡೆಯ ಮೇಲೆ ನೋಟ್‌ಬುಕ್ಕು,
ಪಕ್ಕದಲ್ಲಿ ವೇಗ ಅಳೆಯುವ ಡಬ್ಬಿ.

ಒಬ್ಬೊಬ್ಬರೇ ಬಂದು ಬಂದೂಕಿನ ಮೂತಿ ತೂರಿಸಿ
ಒಂದು ಗುಂಡು ಹಾರಿಸಬೇಕು.
ಮುನ್ನೂರೈವತ್ತು ದಾಟಿದರೆ, ತಮ್ಮಾ, ಸ್ಪ್ರಿಂಗ್ ಬದಲಿಸು,
ಇಲ್ಲ ಆಚೆ ಹೋಗಿ ಇಡ್ಲಿ ತಿನ್ನು.
ಯಾರ ಮಗನಾದರೂ ಅಷ್ಟೇ.

ಅಂಥ ನನ್ನ ಮುಂದೆ ತೌಸೀಫ್ ಇಟ್ಟ
ಒಂದು ಚೂರಿ.
ಜೆ.ಸಿ. ರೋಡಿನಲ್ಲಿ ಸೀಟ್ ಕವರ್ ಹೊಲಿಯುವವನು,
ಯಾವುದೋ ಕಾರಿನ ಮಿಕ್ಕ ಸ್ಪಂಜು ಕೊಯ್ದು,
ಒಳಗೊಂದು ಕಡ್ಡಿಯೂ ಇಲ್ಲದೆ,
ಬೆಳ್ಳಿ ಬಣ್ಣದ ರೆಕ್ಸಿನ್ ಸುತ್ತಿ
ಅಂಚಿಗೆ ಹೊಲಿಗೆ ಹಾಕಿದ್ದ. ಎಷ್ಟು ನೇರ ಅಂದರೆ
ಗೊತ್ತಿದ್ದೂ ಮೊನೆಯನ್ನು ಹೆದರಿ ಮುಟ್ಟಿದೆ.

‘ಹತ್ತಿರದಿಂದ ಗುಂಡು ಹೊಡೆದರೆ ಉರಿಯುತ್ತೆ ಅಕ್ಕ.
ಇದಾದರೆ ಬೆನ್ನಿಗೆ ತಾಗಿದರೆ ಸಾಕು, ಔಟು.’

ಡಬ್ಬಿಯೊಳಗೆ ತೂರಿಸಿದೆ.
ಅಂಕಿ ಬರಲಿಲ್ಲ.

ಅಲ್ಲಿಂದ ಶುರು.
‘ಹತ್ತಡಿಯೊಳಗೆ ಸಿಕ್ಕವನಿಗೆ ಶರಣಾಗು ಅಂದರಾಯಿತು,
ಬಾಯಿ ಸಾಲದಾ?’ ಅಂದ ಡೆನ್ಸಿಲ್.
‘ಕೇಳಿಸಲೇ ಇಲ್ಲ ಅಂತ ಓಡಿದವರ ಪಟ್ಟಿ ಇದೆ,
ಮೊದಲ ಹೆಸರು ನಿಂದೇ’ ಅಂದಳು ಸೆಲ್ವಿ.
ತಿಗಳರಪೇಟೆಯ ಮುನಿವೆಂಕಟ ಮಾತ್ರ
ಗ್ಲೌಸು ಕಳಚಿ, ತಡೆದು ತಡೆದು ಹೇಳಿದ:
‘ನಮ್ಮನೇಲಿ ದೇವರ ಪಕ್ಕ ಕತ್ತಿ ಇದೆ.
ದೀಕ್ಷೆ ತಗೊಂಡ ಮೇಲೇ ಮುಟ್ಟೋದು.
ಕರಗದ ರಾತ್ರಿ ಹಿಡಿದು ನಿಂತರೆ ಮಣಿಕಟ್ಟು ಸೋಲುತ್ತೆ.
ಆಡೋದಾದರೆ ಆಡಿ. ಇದನ್ನ ಕತ್ತಿ ಅನ್ನಬೇಡಿ.’
‘ಚೂರಿ ಅಂದೆ’ ಅಂದ ತೌಸೀಫ್.
‘ಅದನ್ನೂ.’

ಒಂದು ಆಟ, ನೋಡೋಣ, ಅಂತ ಬರೆದುಕೊಂಡೆ.

ಗುಂಡಿಗೆ ಕಾಲು ಗ್ರಾಂ ತೂಕ.
ಸಿಟ್ಟಲ್ಲಿ ಒತ್ತಿದರೂ ನಗುತ್ತ ಒತ್ತಿದರೂ
ಟ್ರಿಗರ್ ದಾಟಿದ ಮೇಲೆ ಅದಕ್ಕೆ ನೆನಪಿಲ್ಲ,
ಅದೇ ವೇಗ, ಅದೇ ಟಪ್.
ತಾಗಿದ್ದು ತಾಗಿಸಿಕೊಂಡವನಿಗೇ ಗೊತ್ತು,
ಕೈಯೆತ್ತಿ ‘ಹಿಟ್’ ಅಂತ ಅವನೇ ಕೂಗಬೇಕು.
ಆ ಒಂದು ಕೂಗಿನ ಮೇಲೆ ನಿಂತಿದೆ ಇಡೀ ಆಟ.
ನಾನೂ ನನ್ನ ಸೀಟಿಯೂ ಬರೀ ಮೇಲೋಗರ.

ಮೂರನೇ ಕಂಬದ ಹಿಂದೆ ಡೆನ್ಸಿಲ್ ಮಂಡಿಯೂರಿದ್ದ.
ತೌಸೀಫ್ ಮೆಟ್ರೋಗೆ ಕಾದ.
ರೈಲು ಹಾಯುವ ಸದ್ದಿನೊಳಗೆ
ಒಂದೊಂದೇ ಹೆಜ್ಜೆ ಬಚ್ಚಿಟ್ಟು ಬಂದ.

ಅವರಿಬ್ಬರ ನಡುವೆ ಚೀಟಿ ದುಡ್ಡೊಂದಿದೆ,
ಎಲ್ಲರಿಗೂ ಗೊತ್ತು.
ಒಂದು ವರ್ಷದಿಂದ ಅರವತ್ತಡಿ ದೂರ ನಿಂತು
ಭಾನುವಾರ ಭಾನುವಾರ ಒಬ್ಬರಿಗೊಬ್ಬರು ಹೊಡೆದುಕೊಂಡಿದ್ದಾರೆ,
ಬಹಳ ಮರ್ಯಾದೆಯಿಂದ.

ಮುಟ್ಟಿದರೆ ಸಾಕಿತ್ತು.
ಮುಟ್ಟಿದ.
ಮತ್ತೊಮ್ಮೆ ಮುಟ್ಟಿದ.
ಮೂರನೆಯದು ಮುಟ್ಟಿದ್ದಲ್ಲ.

ತಗಡಿನ ಮಾಡಿಗೆ ಬಡಿದು ವಾಪಸು ಬಂತು ರೆಕ್ಸಿನ್ನಿನ ಸದ್ದು.
ಸೀಟಿ ಊದುವುದು ನನಗೆ ಮರೆತೇ ಹೋಯಿತು.

‘ನೋವಾಗಿಲ್ಲ ಮೇಡಂ’ ಅಂದ ಡೆನ್ಸಿಲ್,
ಕೇಳುವ ಮೊದಲೇ.
ಕತ್ತು ಕೆಂಪಾಗಿತ್ತು; ಸ್ಪಂಜಿನಿಂದಲೋ ಏನೋ.
ತೌಸೀಫ್ ತನ್ನ ಅಂಗೈ ತಿರುವಿ ನೋಡುತ್ತಿದ್ದ,
ಹೊಲಿಗೆ ಎಲ್ಲಿ ತಪ್ಪಿತು ಅಂತ ಹುಡುಕುವ ಹಾಗೆ.

ಆಮೇಲೆ, ಮಾಸ್ಕನ್ನೂ ತೆಗೆಯದೆ, ಡೆನ್ಸಿಲ್:
‘ನಲವತ್ತಲ್ಲ. ಮೂವತ್ತೆಂಟು ಸಾವಿರ.
ಎರಡು ಕೊಟ್ಟಿದ್ದೆ, ರಂಜಾನ್ ಮುಂಚೆ.’
‘ಹೂಂ’ ಅಂದ ತೌಸೀಫ್. ‘ಕೊಟ್ಟಿದ್ದೆ.’
ವರ್ಷದ ಮೊದಲ ಮಾತು.

ಎಲ್ಲರೂ ಇಡ್ಲಿಗೆ ಹೋದರು,
ಅವರಿಬ್ಬರೂ, ಒಂದೇ ಬೈಕಲ್ಲಿ ಅಲ್ಲ.
‘ರೂಲ್ ಏನಾಯಿತು?’ ಬಾಗಿಲಿಂದಲೇ ಕೂಗಿದಳು ಸೆಲ್ವಿ.

ನೋಟ್‌ಬುಕ್ಕಿನಲ್ಲಿ ‘ಸ್ಪಂಜಿನ ಆಯುಧ’ ಅಂತ ಬರೆದು
ಎರಡು ಚುಕ್ಕಿ ಇಟ್ಟಿದ್ದೇನೆ,
ಮುಂದೆ ಖಾಲಿ.
ಚೂರಿ ನನ್ನ ಹತ್ತಿರವೇ ಉಳಿದಿದೆ.
ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ
ಗುಳಿ ನಿಧಾನ ತುಂಬಿಕೊಳ್ಳುತ್ತದೆ.
ನಾಲ್ಕು ಎಣಿಸಿದೆ.
ಇನ್ನೊಮ್ಮೆ ಒತ್ತಿದೆ, ಸ್ವಲ್ಪ ಜೋರಾಗಿ.