ಹದಿಮೂರು ನೆರಿಗೆ

ಶನಿವಾರ ಬಟವಾಡೆ. ಏಳಕ್ಕೆ ಮೋಟರುಗಳು
ಒಮ್ಮೆಗೇ ನಿಂತ ಮೇಲೂ
ಕಿವಿಯೊಳಗೆ ಇನ್ನರ್ಧ ಗಂಟೆ ಓಡುತ್ತವೆ.
ಕೌಲ್ ಬಜಾರಿನಿಂದ ನಡೆದೇ ಬಂದೆವು
ನಾನು, ಮಾಬುನ್ನಿ, ಲೂಪು ಹಾಕುವ ಎರ್ರೆಮ್ಮ,
ಬೇಡವೆಂದರೂ ಬೆನ್ನು ಬಿದ್ದ
ಕಟಿಂಗ್ ಮಾಸ್ಟರ್ ಗಾದಿಲಿಂಗ.

ರೈಲ್ವೆ ಗೇಟಿನ ಆಚೆ, ಪಂಕ್ಚರ್ ಅಂಗಡಿಗೂ
ಚಷ್ಮಾ ಅಂಗಡಿಗೂ ನಡುವೆ ಆರೇ ಮೇಜು.
ಒಗ್ಗರಣೆ ಮಿರ್ಚಿ ತಿಂದು ಬೆಳೆದ ಬಳ್ಳಾರಿ
ಚೀನಾದ ಬಿದಿರು ಬುಟ್ಟಿಗೆ ಸಾಲು ನಿಂತಿದೆ.
‘ಬುಟ್ಟಿಗೆ ನಾಕು, ಅರವತ್ತು ರೂಪಾಯಿ’
ಗಾದಿಲಿಂಗ ಓದಿದ. ಎರ್ರೆಮ್ಮ ಬೆರಳು ಮಡಿಸಿ,
‘ಒಂದೊಂದ್ ಕಡುಬಿಗೆ ಆರು ಪ್ಯಾಂಟಿನ ಲೂಪು.
ನಿಧಾನಕ್ಕ ಅಗೀರಿ.’

ಮೊದಲು ಬಂದದ್ದು ಸಿಗಡಿಯದು.
ಹೊದಿಕೆ ಎಷ್ಟು ತೆಳುವೆಂದರೆ
ಒಳಗಿನ ನಸುಗೆಂಪು ಹೊರಗೇ ಕಾಣುತ್ತಿತ್ತು,
ಹಳೇ ವಾಯಿಲ್ ಸೀರೆಯ ಹಿಂದೆ ದೀಪ ಹಿಡಿದ ಹಾಗೆ.
ಮೊದಲು ಬಿಸಿ, ಆಮೇಲೆ ಜಾರು,
ಆಮೇಲೆ ಕಟುಕ್ಕೆಂದ ಒಂದು ಸಿಹಿ.
ಹೊಳೆಮೀನು ಬಿಟ್ಟರೆ ನೀರಿನದೇನೂ ಅರಿಯದ ನಾನು
ಸಮುದ್ರ ಅಂದರೆ ಇದಾ ಅಂದುಕೊಂಡೆ.

ಕೋಳಿಕಾಲು ನೋಡಿ ಮಾಬುನ್ನಿ,
‘ಯಾ ಅಲ್ಲಾ, ಇದಕ್ಕೂ ರೊಕ್ಕಾ?’
ಅಂದವಳು ಆಮೇಲೆ ಮಾತಾಡಲಿಲ್ಲ,
ಗೆಣ್ಣು ಗೆಣ್ಣೇ ಚೀಪಿದಳು.
ಮೂಲಂಗಿ ಬಿಲ್ಲೆ ಎರ್ರೆಮ್ಮನಿಗೆ ಸೇರಲಿಲ್ಲ.
ಚೀಲದಿಂದ ಶೇಂಗಾ ಪುಡಿಯ ಪೊಟ್ಟಣ ತೆಗೆದು
ಸದ್ದಿಲ್ಲದೆ ಉದುರಿಸಿದಳು. ಆಮೇಲೆ ಸೇರಿತು.

ಬಿಳಿ ಬನ್ನು ನಾನು ಹಿಡಿದೆ, ಬಿಟ್ಟೆ.
ಸೋಪು ಸೀಮೆಎಣ್ಣೆ ಯಾವುದಕ್ಕೂ ಹೋಗದ
ಜೀನ್ಸಿನ ನೀಲಿ,
ಹೆಬ್ಬೆಟ್ಟು ಗೆರೆಗೆರೆಯಾಗಿ ಅಲ್ಲಿ ಕೂತಿತ್ತು
ರಿಜಿಸ್ಟರಿನಲ್ಲಿ ಒತ್ತಿದಂತೆ.
ಅಡುಗೆಯ ಲಿಯಾಂಗಣ್ಣ ಬಗ್ಗಿ ನೋಡಿ ನಕ್ಕ.
ಹುಟ್ಟಿದ್ದು ಕೋಲ್ಕತ್ತಾದ ಚೀನೀ ಓಣಿ,
ಕನ್ನಡದಲ್ಲಿ ಅರ್ಧ ತೆಲುಗು, ನಮ್ಮಂತೆಯೇ.
‘ನಂದು ನೋಡವ್ವ’ ಅಂತ ಬೆರಳು ಚಾಚಿದ.
ನುಣ್ಣಗಿತ್ತು. ಗೆರೆಯೇ ಇಲ್ಲ.
‘ಉಗಿ ತಿಂದಾಕಿತು.
ರೇಷನ್ ಮಿಷನ್ನಿಗೆ ನಾನು ಮನುಷ್ಯಾನೇ ಅಲ್ಲ.’

ಎರಡನೇ ಬುಟ್ಟಿಯಲ್ಲೊಂದು ಬಾಯಿ ಬಿಟ್ಟಿತ್ತು.
ಚಟ, ನಾಲಗೆ ತಡೆಯಲಿಲ್ಲ,
‘ಹೊಲಿಗೆ ಬಿಟ್ಟೈತೆ. ರಿಜೆಕ್ಟ್.’
ಮೇಜಿಗೆ ಮೇಜೇ ಸುಮ್ಮನಾಯಿತು.
ಅವನು ಸಿಟ್ಟಾಗಲಿಲ್ಲ. ಹಿಟ್ಟಿನ ಹಲಗೆ ತೋರಿಸಿ,
‘ಬಾ ಹಂಗಾದ್ರೆ. ಕೈ ತೊಳ್ಕೊಂಡು ನೀನೇ ಹಾಕು.’

ಅವನ ಕೈ ಅರ್ಧ ಸುತ್ತು ತಿರುಗಿತು,
ಹದಿಮೂರು ನೆರಿಗೆ. ಎಣಿಸಿದೆ.
ನನ್ನದು ಎಂಟಾಯಿತು, ಒಂಬತ್ತಾಯಿತು.
ದಿನಕ್ಕೆ ಮುನ್ನೂರು ಜೇಬು ಹಚ್ಚುವ ಬೆರಳು
ಹಸಿ ಹಿಟ್ಟಿನ ಮುಂದೆ ತೊದಲಿತು.
ಕಾಲು ಮಾತ್ರ ತನ್ನಷ್ಟಕ್ಕೆ
ಇಲ್ಲದ ಪೆಡಲನ್ನು ಒತ್ತುತ್ತಿತ್ತು.

ನನ್ನ ಸೊಟ್ಟ ಪೀಸನ್ನು
ತನ್ನ ಮೂರರ ಜೊತೆ ಬೇಯಿಸಿ
ಮೂಲೆಯ ಕನ್ನಡಕದ ಹುಡುಗನಿಗೆ ಕಳಿಸಿಬಿಟ್ಟ!
ಇವರು ಏನೋ ತಿನ್ನುತ್ತಿದ್ದರು, ಏನೋ ನಗುತ್ತಿದ್ದರು.
ನಾನು ಹುಡುಗನ ಚಮಚ ನೋಡುತ್ತಿದ್ದೆ.
ಒಂದು ತಿಂದ. ಫೋನು ನೋಡಿದ. ಎರಡು.
ಮೂರನೆಯದು ಎತ್ತಿದ. ಸೊಟ್ಟದ್ದು.
ಬಿಡಲಿಲ್ಲ ಹೊಲಿಗೆ.
ಅವನು ಅದರ ಮುಖ ಕೂಡ ನೋಡಲಿಲ್ಲ,
ನುಂಗಿ ನೀರು ಕುಡಿದ.

ಲೆಕ್ಕ ಮುನ್ನೂರು. ಗಾದಿಲಿಂಗ ಭಾಗ ಹಾಕಿದ,
ತನ್ನದರಲ್ಲಿ ಐದು ಕಡಿಮೆ ಕೊಟ್ಟ.
‘ಪೀಸಿಗೆ ಎಷ್ಟ್ ಕೊಟ್ಟನೇ ನಿನಗೆ?’ ಎರ್ರೆಮ್ಮ.
ಏನಿಲ್ಲ ಅಂದೆ.
‘ಹುಚ್ಚಿ.’

ಗೇಟು ಬಿದ್ದಿತ್ತು. ಅದಿರಿನ ಗೂಡ್ಸು
ಕತ್ತಲನ್ನು ಡಬ್ಬಿ ಡಬ್ಬಿಯಾಗಿ ಎಳೆಯುತ್ತ ಹೊರಟಿತ್ತು.
ನಿಂತಲ್ಲೇ ಸೆರಗಿನ ತುದಿ ಹಿಡಿದು
ಮಡಿಸುತ್ತ ಹೋದೆ, ಸಣ್ಣಗೆ, ಇನ್ನೂ ಸಣ್ಣಗೆ.
ಹನ್ನೊಂದಕ್ಕೆ ಗಾಡಿ ಮುಗಿಯಿತು.