ಎರಡೂ ಬದಿ ಸಪಾಟು

ಶಿಳ್ಳೆ ಊದಿದ್ದು ಗೋಲಿಗೋ ತಪ್ಪಿಗೋ
ಅದೇ ಮೊದಲು ತಿಳಿಯಲಿಲ್ಲ.
ಚೆಂಡು ಮಾತ್ರ ನನ್ನ ಹಿಂದೆ
ಬಲೆಯಿಲ್ಲದ ಕಂಬಗಳ ನಡುವೆ ಹಾದು
ಕಾಂಪೌಂಡಿನ ಬುಡದಲ್ಲಿ
ಯಾರೋ ಒಣಹಾಕಿದ್ದ ಬೆರಣಿಗೆ ತಾಗಿ
ಏನೂ ಗೊತ್ತಿಲ್ಲದವರ ಹಾಗೆ ನಿಂತಿತ್ತು.

ಹೊಡೆದವನು ಹಯಾತ್,
ದಾವಣಗೆರೆಯ ಮಂಡಕ್ಕಿ ಭಟ್ಟಿ ಲೈನಿನವನು.
ರೆಪ್ಪೆಯ ಮೇಲೆ ಯಾವತ್ತೂ ಒಂದು ಪದರ ಮಸಿ,
ಕಾಲಿಗೆ ಅಣ್ಣನ ಶೂ,
ಶೂ ಒಳಗೆ ಮಡಚಿಟ್ಟ ರದ್ದಿ ಪೇಪರು.

'ಬೆನ್ನು! ಸ್ಟಿಕ್ಕಿನ ಬೆನ್ನು ತಾಗೇತಿ!'
ನಮ್ಮ ಕ್ಯಾಪ್ಟನ್ ಬಕ್ಕೇಶ ಕೂಗಿದ ರಭಸಕ್ಕೆ
ಬೇಲಿಯಾಚೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು.
'ನಿನ್ ಕಣ್ಣಿನ ಬೆನ್ನಿಗೆ ಕಂಡಿರಬೇಕು ಬಿಡಲೇ'
ಅಂದರು ಅವರ ಕಡೆಯವರು.
ಗರಸು ಮಣ್ಣಿನ ಮೇಲೆ ಇಪ್ಪತ್ತೆರಡು ಬಾಯಿ.

ಕೊಟ್ರಯ್ಯ ಮೇಷ್ಟ್ರು ಬಂದರು.
ಜೇಬಿನಿಂದ ರೂಲು ಬುಕ್ಕು, ಇನ್ನೊಂದು ಜೇಬಿನಿಂದ ಕನ್ನಡಕ.
'ಎಡಕ್ಕಿರುವ ಸಪಾಟು ಮುಖದಿಂದಲೇ ಆಡತಕ್ಕದ್ದು' ಎಂದು ಓದಿ
'ಎಲ್ಲಿ, ಕೊಡು' ಎಂದು ಸ್ಟಿಕ್ಕು ಇಸಕೊಂಡು
ತಿರುಗಿಸಿ ನೋಡಿದರು.
ಮತ್ತೆ ತಿರುಗಿಸಿದರು.
ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ತಿರುಗಿಸಿದರು.

ಎರಡೂ ಬದಿ ಸಪಾಟು.

'ಎಲ್ಲಿ ತಗಂಡ್ಯೋ ಇದನ್ನ?'
'ತಗಂಡಿದ್ದಲ್ಲ ಸಾ. ಜಾಲಿ ಕಟ್ಟಿಗೆ.
ಭಟ್ಟ್ಯಾಗೆ ಮರಳು ತಿರುವೋದು.
ತುದಿ ಬಗ್ಗಿತ್ತು, ಹಂಗೇ ಕೆತ್ತಿಸ್ದೆ.'

ಆಮೇಲೆ ಶುರುವಾಯಿತು ನೋಡಿ ನಿಜವಾದ ಮ್ಯಾಚು.
ಬೆನ್ನೇ ಇಲ್ಲದ್ದಕ್ಕೆ ಬೆನ್ನು ತಾಗೋದು ಹೆಂಗೆ?
ಎರಡು ಮುಖ ಇದ್ದರೆ ಅದು ಸ್ಟಿಕ್ಕೇ ಅಲ್ಲ.
ಸ್ಟಿಕ್ಕೇ ಅಲ್ಲದಿದ್ದರೆ ಮೊದಲ ಅರ್ಧದಲ್ಲಿ ಯಾಕೆ ಸುಮ್ಮನಿದ್ದಿರಿ?
ಆಗ ಅವನು ಗೋಲು ಹೊಡೆದಿರಲಿಲ್ಲವಲ್ಲ!
ಮೇಷ್ಟ್ರ ಬೆರಳು ಪುಟದಿಂದ ಪುಟಕ್ಕೆ ಹೋಯಿತು.
ಜಾಲಿ ಕಟ್ಟಿಗೆಯ ಸುದ್ದಿ ಪುಸ್ತಕದಲ್ಲಿ ಇರಲಿಲ್ಲ.

ಕೊನೆಗೆ ನನ್ನ ಕಡೆ ತಿರುಗಿದರು:
'ಗೋಲಿ ನೀನು. ಎದುರಿಗಿದ್ದವನು. ನೀನು ಹೇಳು,
ಯಾವ ಮುಖ?'

'ಬೆನ್ನು ಸಾರ್' ಅಂದೆ.

ಗೋಲು ಅಳಿಸಿದರು. ಒಂದು ಸೊನ್ನೆ, ನಾವು ಗೆದ್ದೆವು.
ಹಯಾತ್ ನನ್ನನ್ನು ನೋಡಲಿಲ್ಲ.
ಹೊತ್ತಾಯಿತು, ಒಲೆ ಹಚ್ಚಬೇಕು ಎಂದು
ಸ್ಟಿಕ್ಕನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಇಪ್ಪತ್ತಾರು ವರ್ಷ.
ಮಿರ್ಚಿ ಗಾಡಿಯ ಮುಂದೆ ಸಿಕ್ಕಾಗಲೆಲ್ಲ ಬಕ್ಕೇಶ
ಚಮಚ ಹಿಡಿದು ಆ ಹೊಡೆತ ತೋರಿಸುತ್ತಾನೆ:
ಒಮ್ಮೆ ಚಮಚದ ಹೊಟ್ಟೆ, ಒಮ್ಮೆ ಬೆನ್ನು.
ಅವನಿಗೂ ಈಗ ಅನುಮಾನ.
ನನಗೆ ಆ ಸುಖವೂ ಇಲ್ಲ.
ಹಯಾತ್‌ನ ಮಣಿಕಟ್ಟು ತಿರುಗಿದ ಆ ಗಳಿಗೆ
ಹೆದರಿ, ಎರಡೂ ಕಣ್ಣು
ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ.
ಸದ್ದು ಕೇಳಿದ್ದೆ ಅಷ್ಟೆ. ಟಪ್.
ಬಾಣಲೆಯಲ್ಲಿ ಮೊದಲ ಕಾಳು ಅರಳುವಾಗ
ಆಗುತ್ತದಲ್ಲ, ಹಾಗೆ.

ಮೊನ್ನೆ ಭಟ್ಟಿಗೆ ಹೋಗಿದ್ದೆ.
ಟೈರು ಸುಡುವ ಕಮಟು, ಗೋಡೆಯೆಲ್ಲ ಕಪ್ಪು,
ಆ ಕಪ್ಪಿನ ನಡುವೆ ಬೆಳ್ಳಗೆ ಆಳೆತ್ತರದ ರಾಶಿ.
ಬಿಸಿ ಮರಳಲ್ಲಿ ಅವನ ಕೈ ಅದೇ ಲಯದಲ್ಲಿ:
ಎಳೆ, ಮಗುಚು, ಎಳೆ, ಮಗುಚು.
ಕಾಳು ಎರಡೂ ಬದಿಯಿಂದ ಹಾರುತ್ತಿತ್ತು.
ಹೇಳಬೇಕೆಂದು ಬಂದಿದ್ದೆ.
'ಎಷ್ಟು ಸೇರು?' ಅಂದ.
'ಎರಡು' ಅಂದೆ.
ಅಳೆದ. ಮೇಲೆ ಒಂದು ಬೊಗಸೆ ಕೊಸರು ಹಾಕಿದ.

ಕೊಸರು ಸುರಿಯುವಾಗ ಮಣಿಕಟ್ಟು ತಿರುಗಿದ್ದು
ಎಡಕ್ಕೋ, ಬಲಕ್ಕೋ?
ಈ ಸಲ ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ.
ಕೇಳಿದರೆ ಈಗಲೂ ಹೇಳಲಾರೆ.