ನಲವತ್ತೊಂದನೇ ಪ್ರಶ್ನೆ

ಐತಾರ ಪರೀಕ್ಷಾ. ಇವತ್ತು ಬೇಸ್ತವಾರ.
ತೀನ್ ಕಂದೀಲ್ ಹತ್ರದ ಝೆರಾಕ್ಸ್ ಅಂಗಡ್ಯಾಗ
ನೂರಾ ಹತ್ತು ಕೊಟ್ಟು ತಂದ ಗೈಡು,
ನಡುವಿನ ಪುಟಕ್ಕೆಲ್ಲ ಮಸಿ ಸಾಲಿಲ್ಲ.
ಕಾಣದ ಅಕ್ಷರ ನಾನೇ ಹಚ್ಚಿ ಓದ್ತೀನಿ.

ರಾತ್ರಿ ಹತ್ತಾತು, ರಾಯಚೂರಿನ ಗ್ವಾಡಿ ಇನ್ನೂ ಕಾದದ.
ಬೆನ್ನು ಕೊಟ್ರ ಹಂಚಿನ ಮ್ಯಾಲಿನ ರೊಟ್ಟಿ ನಾನು.
ಹೋಮ್‌ಗಾರ್ಡ್ ಖಾಕಿ ಹಗ್ಗದ ಮ್ಯಾಲ ತೋಳು ಇಳಿಬಿಟ್ಟು
ನನಗಿಂತ ಮೊದಲ ಡ್ಯೂಟಿ ಮುಗಿಸ್ಯಾದ.

ಪಾವನಿ ಕೇಳ್ತಾಳ, ಐದನೇ ಕ್ಲಾಸಿನ ದನಿಯಾಗ:
“ಅಗ್ನಿಶಾಮಕವನ್ನು ಬಳಸುವ ಕ್ರಮ ಯಾವುದು?”
ಪಿನ್ ಎಳಿ, ಬುಡಕ್ಕ ಹಿಡಿ, ಒತ್ತು, ಬೀಸು.
ಕಸಾ ಹೊಡಿಯುವಾಗ ಇದ ಮಂತ್ರ,
ಪಾತ್ರಿ ತಿಕ್ಕುವಾಗ ಇದ.
ಉರಿಗಲ್ಲ, ಬುಡಕ್ಕ. ಇದೊಂದು ಮರೀಬಾರದು.
ಕೌಟುಂಬಿಕ ಕೋರ್ಟಿನ ವರಾಂಡದಾಗ
ಬೀಗರು ಬೀಗರು ಚಪ್ಪಲಿ ಹಿಡಿದಾಗ
ನಾನು ನಡುವ ನಿಂತು ನೋಡೀನಿ:
ಉರಿ ಇಲ್ಲೇ ಅದ, ಬುಡ ಎಲ್ಲೋ ಮಾನ್ವಿ ಕಡಿ
ಯಾವುದೋ ಅಡಗಿ ಮನ್ಯಾಗ ಅದ.
ಅಷ್ಟು ಉದ್ದದ ಪೈಪು ಸರಕಾರ ಕೊಟ್ಟಿಲ್ಲ.

“ಆರೋಪಿ ಕಟಕಟೆ ಹಾರಿ ಓಡಿದರೆ?”
ಮೊದಲು ಜಡ್ಜ್ ಸಾಹೇಬ್ರು, ಆಮ್ಯಾಲ ಜನ, ಆಮ್ಯಾಲ ಬಾಗಲಾ.
“ಸರಿ. ಆದ್ರ ನೀನು?”
ಗೈಡಿನಾಗ ಅದು ಇಲ್ಲ, ಮುಂದಿಂದು ಕೇಳು.

ಪ್ರಶ್ನೆ ನಲವತ್ತೊಂದು.
“ತಪಾಸಣೆಯಲ್ಲಿ ಹರಿತವಾದ ವಸ್ತು ಕಂಡುಬಂದಲ್ಲಿ—”
ಎ, ಬಿ, ಸಿ, ಡಿ ಓದಿದ್ದು ಕೇಳಿಸ್ಲೇ ಇಲ್ಲ.

ಕಣ್ಣ ಮುಂದ ಯಾಪಲದಿನ್ನಿ ಹುಸೇನಮ್ಮ ಬಂದು ನಿಂತ್ಲು,
ಆರು ವರ್ಷದಿಂದ ತಾರೀಖಿಗೊಮ್ಮೆ ಬರುವಾಕಿ.
ಯಂತ್ರದ ಬಾಗಲಾ ಕೂಗಿದ ಕೂಡ್ಲೇ
ತಾನಾಗೇ ಸೆರಗಿನ ಗಂಟು ಬಿಚ್ಚಿ
ಅಡಕೊತ್ತು ನನ್ನ ಕೈಗೆ ಇಡ್ತಾಳ.
“ಹಲ್ಲವ್ವ ಇದು. ಬಾಯಾಗಿನವು ಹೋದ್ವು,
ಇದೊಂದ ಉಳದದ. ನೀನ ಇಟಗೊ.”
ವಶಕ್ಕೆ ಪಡಿತೀನಿ. ಚೀಟಿ ಬರೀತೀನಿ.
ಆಮ್ಯಾಲ, ಸಾಲು ಸಣ್ಣದಿದ್ರ,
ಎರಡು ಅಡಕಿ ನಾನೇ ಕತ್ತರಿಸಿ
ಹೋಳು ಆಕಿ ಅಂಗೈಗೆ ಸುರೀತೀನಿ.
ಒಳಗ ಕರಿಯೋತನಕ ದವಡಿಗೆ ಕೆಲಸ ಬೇಕಲ್ಲ.
ಸಂಜಿಗೆ ಚೀಟಿ ಕೊಟ್ಟು ಹಲ್ಲು ಬಿಡಿಸ್ಕೊಂತಾಳ.
“ಏನಾತಜ್ಜಿ?”
“ಏನಾಗ್ತದ, ಮುಂದಿನ ತಿಂಗಳು ಹನ್ನೆರಡು.”

ಇದೇ ಗೇಟು. ಆಗ ಯಂತ್ರ ಇದ್ದಿಲ್ಲ.
ನಮ್ಮವ್ವನ ಕೈಚೀಲ ಬೋರಲು ಹಾಕಿದ್ದ ಒಬ್ಬಾತ.
ಜೀವನಾಂಶದ ಕಾಗದ ಬಿತ್ತು, ನನ್ನ ಲಂಗ ಬಿತ್ತು,
ಹುರಿದ ಶೇಂಗಾ ಮೆಟ್ಟಲದಾಗ ಉರುಳಿ ಹೋದ್ವು.
ಅವ್ವ ಒಂದೊಂದ ಆರಿಸಿದ್ಲು.
ಆತ ತಪ್ಪೇನೂ ಮಾಡಿದ್ದಿಲ್ಲ.
ಈ ಗೈಡಿನ ಪ್ರಕಾರ ಆತಗ ಪೂರ್ತಿ ಅಂಕ.

“ಅವ್ವಾ, ಉತ್ತರ?”
ಬಿ. ವಶಕ್ಕೆ ಪಡೆದು ನೋಂದಾಯಿಸುವುದು.
“ಕರೆಕ್ಟ್,” ಅಂದು
ಲಟ್ಟಣಿಗಿ ಹಿಡಿದು ನನ್ನ ತಪಾಸಣಿ ಮಾಡ್ತಾಳ:
ಕಿವಿ ಹತ್ರ ಕೀಂ, ಗಾಜಿನ ಬಳಿ ಹತ್ರ ಕೀಂ
(“ಗಾಜಿಗೆ ಕೂಗಂಗಿಲ್ಲ ಅದು.” “ನನ್ನದು ಕೂಗ್ತದ.”)
ಕೈ ಎತ್ತು, ಹಿಂದ ತಿರುಗು, ಚಪ್ಪಲಿ ಬಿಡು.
ಬಿಟ್ಟೀನವ್ವ.

ನಮ್ಮ ತಾರೀಖು ಮುಂದಕ್ಕ ಹೋಗಂಗಿಲ್ಲ.
ಹಳೆ ಕ್ಯಾಲೆಂಡರಿನ ಹಿಂದ ಕರಿ ಪೆನ್ನಿಲೆ
ಸೊನ್ನಿ ತುಂಬೋದು ಕಲೀಲಿಕ್ಕತ್ತೀನಿ, ಗೆರಿ ದಾಟದಂಗ.
ಐವತ್ತೆಂಟಕ್ಕ ಪಾವನಿ ದನಿ ತೊದಲಿತು,
ಅರವತ್ತಕ್ಕ ಬರಲೇ ಇಲ್ಲ.
ಮುಷ್ಟಿಯಾಗಿನ ಲಟ್ಟಣಿಗಿ ಮೆಲ್ಲಕ ಬಿಡಿಸಿ
ವಶಕ್ಕೆ ಪಡದೆ.
ಚೀಟಿ ಕೊಡಲಿಲ್ಲ.